ತೂಕ ಏರಿತು, ಸೊಂಟ ಇಳಿಯಿತು: ಯಾವುದನ್ನು ನಂಬಬೇಕು?

ಜಿಮ್‌ನಲ್ಲಿ ಭಾರ ಎತ್ತುವ ಹೆಣ್ಣುಮಕ್ಕಳು ಬರೆಯುವ ಪತ್ರಗಳಲ್ಲಿ ಮತ್ತೆ ಮತ್ತೆ ಒಂದೇ ದೂರು: ಇಷ್ಟು ಕಷ್ಟಪಟ್ಟರೂ ತೂಕ ಇಳಿಯುತ್ತಿಲ್ಲ. ಈ ಸಲ ಒಂದು ಪತ್ರಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ. ಉಳಿದವಕ್ಕೆ ಒಂದೆರಡು ಮಾತು ಸಾಕು.

ಪ್ರಶ್ನೆ: ವಯಸ್ಸು 34, ಎತ್ತರ 158 ಸೆಂ.ಮೀ. ಐದು ತಿಂಗಳಿಂದ ವಾರಕ್ಕೆ ಮೂರು ದಿನ ಸ್ಕ್ವಾಟ್, ಡೆಡ್‌ಲಿಫ್ಟ್ ಮಾಡುತ್ತಿದ್ದೇನೆ. 62 ಕೆ.ಜಿ. ಇದ್ದವಳು ಈಗ 63.5 ಕೆ.ಜಿ. ಸೊಂಟ 86 ಸೆಂ.ಮೀ.ನಿಂದ 81ಕ್ಕೆ ಇಳಿದಿದೆ, ಬ್ಲೌಸಿನ ತೋಳು ಬಿಗಿಯಾಗಿದೆ. ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 25.4, ‘ಬೊಜ್ಜು’ ಎಂದು ಬರೆದಿದ್ದಾರೆ. ಭಾರ ಎತ್ತುವುದು ಬಿಟ್ಟು ವಾಕಿಂಗ್ ಮಾಡಿ, ಎಂಟು ಕೆ.ಜಿ. ಇಳಿಸಿ ಅಂದರು. ಏನು ಮಾಡಲಿ? (ದಾವಣಗೆರೆ)

ಭಾರ ಎತ್ತುವುದನ್ನು ಬಿಡಬೇಡಿ. ವಾಕಿಂಗ್ ಸೇರಿಸಿಕೊಳ್ಳಿ, ಒಳ್ಳೆಯದೇ. ಅದರ ಬದಲಿಗೆ ಇದು ಅನ್ನುವ ಸಲಹೆ ತಪ್ಪು.

ಐದು ತಿಂಗಳ ಹಿಂದೆ ನಿಮ್ಮ ಬಿಎಂಐ 24.8 ಇತ್ತು. ಭಾರತೀಯರಿಗೆ ನಮ್ಮ ವೈದ್ಯರು ಬಳಸುವ ಪಟ್ಟಿಯಲ್ಲಿ 23ರಿಂದ ಹೆಚ್ಚು ತೂಕ, 25ರಿಂದ ಬೊಜ್ಜು. ಒಂದೂವರೆ ಕೆ.ಜಿ. ಏರಿದ್ದಕ್ಕೆ ನೀವು ಗೆರೆ ದಾಟಿದಿರಿ. ಅದೇ ಹೊತ್ತಿನಲ್ಲಿ ಹೊಟ್ಟೆಯ ಸುತ್ತ ಐದು ಸೆಂ.ಮೀ. ಕರಗಿದೆ. ಸಕ್ಕರೆ ಕಾಯಿಲೆ, ಹೃದಯದ ತೊಂದರೆಗೆ ದಾರಿ ಮಾಡುವುದು ಹೆಚ್ಚಾಗಿ ಆ ಹೊಟ್ಟೆಯ ಕೊಬ್ಬೇ. ಅಂದರೆ ನಿಮ್ಮ ಅಪಾಯ ಇಳಿದಿದೆ, ಕಾಗದದ ಮೇಲಿನ ಹಣೆಪಟ್ಟಿ ಮಾತ್ರ ಕೆಟ್ಟಿದೆ.

ಇದು ಬಿಎಂಐ ಹುಟ್ಟಿನಲ್ಲೇ ಇರುವ ದೋಷ. ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕೆಟ್ಲೆ 19ನೇ ಶತಮಾನದಲ್ಲಿ ಈ ಸೂತ್ರ ಕಟ್ಟಿದ್ದು ಜನಸಮುದಾಯದ ಸರಾಸರಿ ತಿಳಿಯಲು. 1972ರಲ್ಲಿ ಅಮೆರಿಕದ ಶರೀರವಿಜ್ಞಾನಿ ಆನ್ಸೆಲ್ ಕೀಸ್ ಅದಕ್ಕೆ ಈಗಿನ ಹೆಸರು ಕೊಟ್ಟಾಗಲೂ ಉದ್ದೇಶ ಗುಂಪಿನ ಅಧ್ಯಯನವೇ. ಒಬ್ಬಳ ತೂಕದಲ್ಲಿ ಸ್ನಾಯು ಎಷ್ಟು, ಕೊಬ್ಬೆಷ್ಟು, ನೀರೆಷ್ಟು ಎಂದು ಅದು ಕೇಳುವುದೇ ಇಲ್ಲ.

ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಪಕ್ಕದಲ್ಲೇ ಉದಾಹರಣೆ ಇದೆ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೋವನ್ನೇ ಅಚ್ಚು ಹಾಕಿಸಿದರು. ಇಬ್ಬರ ಬಿಎಂಐ 22.3. ಮೈಯ ಕೊಬ್ಬು ಯುಡ್ಕಿನ್ನರಲ್ಲಿ ಶೇ 9.1, ಯಾಜ್ಞಿಕರಲ್ಲಿ ಶೇ 21.2. ಭಾರತೀಯರ ಮೈ ಹೀಗೆ ಸಣ್ಣಗೆ ಕಂಡರೂ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ. ನಮಗೆ ಗೆರೆಯನ್ನು 25ಕ್ಕೆ ಇಳಿಸಿದ್ದು ಅದಕ್ಕೇ. ಆ ಕೊರತೆಯನ್ನು ಜಿಮ್‌ನಲ್ಲಿ ತುಂಬಿಕೊಳ್ಳುತ್ತಿರುವ ಹೆಂಗಸಿಗೆ, ಸ್ನಾಯು ಕಡಿಮೆ ಇರುವವರಿಗಾಗಿ ಎಳೆದ ಗೆರೆಯನ್ನೇ ಹಿಡಿದು ಬೊಜ್ಜು ಎನ್ನುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲಿ.

ಈಗ ಅವರು ಹೇಳಿದಂತೆ ಭಾರ ಬಿಟ್ಟು, ಊಟ ಅರ್ಧ ಮಾಡಿ ಎಂಟು ಕೆ.ಜಿ. ಇಳಿಸಿದಿರಿ ಎಂದುಕೊಳ್ಳಿ. ಬಿಎಂಐ 22.2, ಫೈಲಿನಲ್ಲಿ ‘ನಾರ್ಮಲ್’. ಆದರೆ ಸ್ನಾಯುವಿಗೆ ಕೆಲಸವಿಲ್ಲದೆ ಇಳಿಸಿದ ತೂಕದಲ್ಲಿ ಸುಮಾರು ಕಾಲುಭಾಗ ಕೊಬ್ಬಲ್ಲ, ಸ್ನಾಯುವೂ ಅದರ ನೀರೂ. ಮುಂದೆ ತೂಕ ಮರಳಿದಾಗ ಬರುವುದು ಹೆಚ್ಚಾಗಿ ಕೊಬ್ಬು.

ಏರಿದ ಒಂದೂವರೆ ಕೆ.ಜಿ.ಯೂ ಬರೀ ಸ್ನಾಯು ಎಂದು ಹಿಗ್ಗಬೇಡಿ. ದುಡಿದ ಸ್ನಾಯು ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ, ಅದರ ಪ್ರತಿ ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರು ಜೊತೆಗೆ ಬರುತ್ತದೆ. ಹೊಸ ವ್ಯಾಯಾಮ ಮಾಡಿ ಮೈ ನೋಯುವ ದಿನಗಳಲ್ಲಿ ಸ್ನಾಯುವಿಗೆ ನೀರು ತುಂಬುತ್ತದೆ. ಮುಟ್ಟಿನ ಹಿಂದಿನ ವಾರ ಒಂದೆರಡು ಕೆ.ಜಿ. ಏರುವುದು ಅನೇಕರಿಗೆ ಮಾಮೂಲು. ಮದುವೆಮನೆಯ ಊಟದ ಉಪ್ಪು, ಉಪ್ಪಿನಕಾಯಿ ಮರುದಿನ ಮಷೀನಿನ ಮೇಲೆ ಕಾಣುತ್ತದೆ. ಕ್ರಿಯೇಟಿನ್ (ಭಾರ ಎತ್ತುವವರು ತೆಗೆದುಕೊಳ್ಳುವ ಪೂರಕ ಪುಡಿ) ಶುರು ಮಾಡಿದ್ದರೆ ಅದರದೂ ಒಂದು ಕೆ.ಜಿ. ನೀರು ಇರಬಹುದು.

ಹಾಗಾಗಿ ಅಳತೆ ಬದಲಿಸಿ. ದರ್ಜಿಯ ಟೇಪು ಸಾಕು, ಹಳತಾಗಿ ಜಗ್ಗಿದ್ದು ಬೇಡ. ಬೆಳಿಗ್ಗೆ ಟಾಯ್ಲೆಟ್‌ಗೆ ಹೋಗಿ ಬಂದು, ಕಾಫಿಗೆ ಮೊದಲು, ಬರಿಮೈಯ ಮೇಲೆ. ಕೊನೆಯ ಪಕ್ಕೆಲುಬಿನ ಕೆಳಗೂ ಸೊಂಟದ ಮೂಳೆಯ ಮೇಲ್ತುದಿಗೂ ನಟ್ಟನಡುವೆ ಟೇಪು ಸುತ್ತಿ. ಹೊಕ್ಕುಳವನ್ನು ಗುರುತು ಮಾಡಿಕೊಂಡರೆ ಹೊಟ್ಟೆ ಜೋತವರಲ್ಲಿ ಲೆಕ್ಕ ತಪ್ಪುತ್ತದೆ. ಟೇಪು ನೆಲಕ್ಕೆ ಸಮವಾಗಿರಲಿ, ಚರ್ಮ ಒತ್ತದಿರಲಿ. ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಓದಿ, ಹೊಟ್ಟೆ ಒಳಗೆ ಎಳೆಯಬೇಡಿ. ಎರಡು ಸಲ ಅಳೆಯಿರಿ, ಒಂದು ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೇ ಸಲ. ತಿಂಗಳಿಗೊಮ್ಮೆ, ಮುಟ್ಟು ಮುಗಿದ ವಾರದಲ್ಲಿ ಸಾಕು. ತೂಕವನ್ನೂ ಆ ವಾರದ ಮೂರ್ನಾಲ್ಕು ಬೆಳಗಿನ ಸರಾಸರಿಯಲ್ಲಿ ಬರೆದಿಡಿ, ಪಕ್ಕದಲ್ಲಿ ಐದು ಸಲ ಸ್ಕ್ವಾಟ್ ಮಾಡಬಲ್ಲ ಗರಿಷ್ಠ ಭಾರ.

ಎತ್ತುವ ಭಾರ ಏರುತ್ತಿದ್ದು ಸೊಂಟ ಇಳಿಯುತ್ತಿದ್ದರೆ ಮೈತೂಕ ಏನಾದರೂ ಆಗಲಿ. ಭಾರವೂ ಸೊಂಟವೂ ಏರುತ್ತಿದ್ದರೆ ಊಟ ಹೆಚ್ಚಾಗಿದೆ. ಎಣ್ಣೆ, ಅನ್ನ, ಸಂಜೆಯ ಬೋಂಡ ಕಡಿಮೆ ಮಾಡಿ, ಪ್ರೋಟೀನ್ ಮಾತ್ರ ಕಡಿಮೆ ಮಾಡಬೇಡಿ. ಎರಡೂ ಇಳಿದು, ಮುಟ್ಟು ತಪ್ಪಲು ಶುರುವಾದರೆ ಊಟ ಸಾಲುತ್ತಿಲ್ಲ. ಗರ್ಭ ನಿಂತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ, ಮೂರು ತಿಂಗಳು ಮುಟ್ಟಾಗದಿದ್ದರೆ ಸ್ತ್ರೀರೋಗ ತಜ್ಞರ ಬಳಿ ಹೋಗಲೇಬೇಕು.

ನಿಮ್ಮ ಕೆಲಸ ಇನ್ನೂ ಮುಗಿದಿಲ್ಲ. ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು, ನಿಮಗೆ ಅದು 79. ಇನ್ನು ಎರಡು ಮೂರು ಸೆಂ.ಮೀ. ಬಾಕಿ. ದಿನಕ್ಕೆ 75ರಿಂದ 100 ಗ್ರಾಂ ಪ್ರೋಟೀನ್ ಬೇಕು. ಮುದ್ದೆ ಸಾರಿನಲ್ಲೇ ಅಷ್ಟು ಸಿಗುವುದಿಲ್ಲ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಪನೀರಿನಲ್ಲಿ ಸುಮಾರು 18, 50 ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲಿ ಸುಮಾರು 25. ಚೆಕಪ್ ಫೈಲಿನಲ್ಲಿ ಬಿಎಂಐ ಬಿಟ್ಟು ಬಿಪಿ, ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ), ಟ್ರೈಗ್ಲಿಸರೈಡ್ (ರಕ್ತದ ಕೊಬ್ಬು) ನೋಡಿ. ಕಿಡ್ನಿ ಪರೀಕ್ಷೆಯ ಕ್ರಿಯಾಟಿನಿನ್ ಸ್ವಲ್ಪ ಹೆಚ್ಚಿದ್ದರೆ ಗಾಬರಿ ಬೇಡ, ಭಾರ ಎತ್ತುವುದನ್ನೂ ಕ್ರಿಯೇಟಿನ್ ತೆಗೆದುಕೊಳ್ಳುವುದನ್ನೂ ವೈದ್ಯರಿಗೆ ಹೇಳಿ. ಅನುಮಾನ ಉಳಿದರೆ ಸ್ನಾಯುವಿನ ಪ್ರಭಾವ ಅಷ್ಟಾಗಿ ತಟ್ಟದ ಸಿಸ್ಟಾಟಿನ್ ಸಿ ಎಂಬ ಕಿಡ್ನಿ ಪರೀಕ್ಷೆ ಇದೆ.

ಪ್ರಶ್ನೆ: ಮನೆಯ ಸ್ಮಾರ್ಟ್ ಮಷೀನ್ ಕೊಬ್ಬು ಬೆಳಿಗ್ಗೆ ಶೇ 34, ಸಂಜೆ ಶೇ 31 ಅನ್ನುತ್ತದೆ. ಯಾವುದು ಸರಿ?

ಎರಡನ್ನೂ ಬಿಡಿ. ಅದರ ಕರೆಂಟು ಒಂದು ಕಾಲಿನಿಂದ ಏರಿ ಇನ್ನೊಂದರಿಂದ ಇಳಿಯುತ್ತದೆ, ಹೊಟ್ಟೆಯಿಂದ ಮೇಲಿನ ಮೈಯದ್ದು ಬರೀ ಅಂದಾಜು. ನೀರು ಕುಡಿದರೂ ಅಂಕಿ ಬದಲಾಗುತ್ತದೆ.

ಪ್ರಶ್ನೆ: ಭಾರ ಎತ್ತಿದರೆ ಗಂಡಸಿನಂತೆ ಆಗುತ್ತೇನಾ?

ಇಲ್ಲ. ಇನ್ನು ಈ ಪ್ರಶ್ನೆಗೆ ಉತ್ತರಿಸುವುದಿಲ್ಲ.

ಪ್ರಶ್ನೆ: ಟ್ರೈನರ್ ಕೊಟ್ಟ ಕೊಬ್ಬು ಕರಗಿಸುವ ಪುಡಿ, ಡಬ್ಬಿಯ ಮೇಲೆ ಏನೂ ಬರೆದಿಲ್ಲ. ತೆಗೆದುಕೊಳ್ಳಲೇ?

ಇವತ್ತೇ ನಿಲ್ಲಿಸಿ. ಹೃದಯಕ್ಕೆ ಅಪಾಯವೆಂದು 2010ರಲ್ಲೇ ಅಮೆರಿಕ, ಯುರೋಪ್ ಮಾರುಕಟ್ಟೆಯಿಂದ ಹೊರಹಾಕಿದ ಸಿಬುಟ್ರಮಿನ್ ಎಂಬ ತೂಕ ಇಳಿಸುವ ಔಷಧಿ ಇಂಥ ಪುಡಿಗಳಲ್ಲಿ ಮತ್ತೆ ಮತ್ತೆ ಸಿಕ್ಕಿದೆ. ಎದೆ ಢವಗುಟ್ಟಿದರೆ ಡಬ್ಬಿಯ ಸಮೇತ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಬಿಎಂಐ 29, ಸೊಂಟ 94 ಸೆಂ.ಮೀ. ಎಲ್ಲ ಸ್ನಾಯು, ಚಿಂತೆ ಬೇಡ ಅಂತ ಕೋಚ್ ಹೇಳುತ್ತಾರೆ. ನಿಜವೇ?

ಸುಳ್ಳು. ಸ್ನಾಯು ಬೆಳೆದರೆ ತೊಡೆ, ಪೃಷ್ಠ, ಬೆನ್ನು, ತೋಳು ದಪ್ಪವಾಗುತ್ತವೆ, ಹೊಟ್ಟೆ 94 ಆಗುವುದಿಲ್ಲ. ಭಾರತೀಯ ಹೆಂಗಸರಿಗೆ 80 ಸೆಂ.ಮೀ. ಎಚ್ಚರಿಕೆಯ ಗೆರೆ. ಬಿಎಂಐ ಮೋಸ ಮಾಡುತ್ತದೆ ಎಂಬ ಮಾತನ್ನು ನೆಪ ಮಾಡಿಕೊಳ್ಳಬೇಡಿ; ಅದು ನಮ್ಮಲ್ಲಿ ಹೆಚ್ಚಿನವರಿಗೆ ಕೊಬ್ಬನ್ನು ಬಚ್ಚಿಟ್ಟೇ ಮೋಸ ಮಾಡುತ್ತದೆ. ಭಾರ ಎತ್ತುವುದನ್ನು ಮುಂದುವರಿಸಿ, ಈ ವಾರವೇ ಖಾಲಿ ಹೊಟ್ಟೆಯಲ್ಲಿ ಸಕ್ಕರೆ, ಕೊಲೆಸ್ಟರಾಲ್, ಲಿವರ್ ಪರೀಕ್ಷೆ ಮಾಡಿಸಿ, ವರದಿಯನ್ನು ಕೋಚ್‌ಗೆ ತೋರಿಸಬೇಡಿ, ವೈದ್ಯರಿಗೆ ತೋರಿಸಿ.