ಕಾಟ ಕೊಟ್ಟೆ, ಆದರೂ ಸೋತೆ!

ಪ್ರಶ್ನೆ: ಕಂಪ್ಯೂಟರ್‌ನಲ್ಲಿ ಏಜ್ ಆಫ್ ಎಂಪೈರ್ಸ್ 2 ಅನ್ನೋ ಯುದ್ಧದ ಆಟ ಆಡುತ್ತೇನೆ. ಶುರುವಿನಲ್ಲೇ ಸ್ಕೌಟ್ ಕುದುರೆ (ಬೇಹಿನ ಸವಾರ) ಕಳಿಸಿ, ಆಹಾರ, ಚಿನ್ನ ಕೂಡಿಸುವ ಎದುರಾಳಿಯ ಮೂರ್ನಾಲ್ಕು ವಿಲೇಜರ್‌ಗಳನ್ನು ಕೊಂದು ಬರುತ್ತೇನೆ. ಆದರೂ ದೊಡ್ಡ ಯುದ್ಧ ಬಂದಾಗ ನನ್ನ ಬೇಸ್ ಬಾಗಿಲಲ್ಲೇ ಸೋಲುತ್ತೇನೆ. ಎಲ್ಲಿ ಎಡವುತ್ತಿದ್ದೇನೆ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ‘ನನ್ನ ಬೇಸ್ ಬಾಗಿಲಲ್ಲೇ’ ಅಂದಿರಲ್ಲ, ಎಡವಿದ್ದು ಅಲ್ಲೇ. ಯುದ್ಧದ ಜಾಗ ಆರಿಸೋದನ್ನು ನೀವು ಎದುರಾಳಿಗೆ ಬಿಟ್ಟುಕೊಟ್ಟಿದ್ದೀರಿ. ಎಷ್ಟು ಜನ ಸತ್ತರು ಅಂತ ಎಣಿಸೋದು ಬಿಡಿ. ಒಬ್ಬ ವಿಲೇಜರ್‌ನನ್ನು ತಯಾರಿಸಲು 50 ಆಹಾರ ಖರ್ಚು, ಸ್ಕೌಟ್‌ಗೆ 80. ಎರಡು ಸ್ಕೌಟ್ ಕಳಕೊಂಡು ಮೂವರನ್ನು ಕೊಂದರೆ ಲಾಭವೇ ಇಲ್ಲ. ಅವನ ಸೈನ್ಯ ನಿಂತ ಜಾಗ ಬಿಟ್ಟು ಓಡಿ ಬರಬೇಕು, ಕಾಟ ಕೊಡೋದು ಅದಕ್ಕೆ.

ಮೊದಲು ಜಾಗ ನೋಡಿ. ಈ ಆಟದಲ್ಲಿ ಎತ್ತರದಿಂದ ಹೊಡೆದರೆ ಏಟು 25% ಜಾಸ್ತಿ, ತಗ್ಗಿನಿಂದ ಹೊಡೆದರೆ 25% ಕಮ್ಮಿ. ಅವನ ಸೈನ್ಯಕ್ಕೂ ಚಿನ್ನದ ಗಣಿಗೂ ನಡುವೆ ಒಂದು ಗುಡ್ಡ, ಆ ಕಡೆ ದಟ್ಟ ಕಾಡು ಇದೆ ಅನ್ಕೊಳ್ಳಿ. ಬಿಲ್ಲುಗಾರರನ್ನು ಸದ್ದಿಲ್ಲದೆ ಗುಡ್ಡ ಹತ್ತಿಸಿ. ಆಮೇಲೆ ನಾಲ್ಕು ಸ್ಕೌಟ್ ಕಳಿಸಿ ಗಣಿಯನ್ನು ಕೆಣಕಿ. ವಿಲೇಜರ್‌ಗಳು ಗಣಿ ಬಿಟ್ಟು ಟೌನ್ ಸೆಂಟರ್ (ಊರಿನ ಮುಖ್ಯ ಕಟ್ಟಡ) ಒಳಗೆ ನುಗ್ಗುತ್ತಾರೆ, ಚಿನ್ನ ಬರೋದು ನಿಲ್ಲುತ್ತದೆ, ಅವನು ಸಿಟ್ಟಲ್ಲಿ ಇಡೀ ಸೈನ್ಯವನ್ನು ಗಣಿ ಕಡೆ ತಿರುಗಿಸುತ್ತಾನೆ. ದಾರಿ ಒಂದೇ, ಗುಡ್ಡದ ಬುಡದಲ್ಲಿ.

ಒಳಗೆ ವಿಲೇಜರ್ ತುಂಬಿದಷ್ಟೂ ಟೌನ್ ಸೆಂಟರ್‌ನಿಂದ ಬಾಣ ಜಾಸ್ತಿ. ಹಾಗಾಗಿ ಇನ್ನೊಬ್ಬನನ್ನು ಕೊಲ್ಲೋ ಆಸೆಗೆ ಸ್ಕೌಟ್‌ಗಳನ್ನು ಅಲ್ಲೇ ನಿಲ್ಲಿಸಬೇಡಿ. ಕಬಡ್ಡಿಯಲ್ಲಿ ಮುಟ್ಟಿ ಗೆರೆಗೆ ಓಡ್ತಾರಲ್ವಾ, ಹಾಗೆ. ಅವನು ಬರದೇ ಇದ್ದರೆ? ಮತ್ತೆ ಹೋಗಿ. ಗಣಿ ಕೆಲಸ ನಿಂತೇ ಇರುತ್ತದೆ.

ನಿಮ್ಮೂರಿನ ಮಂಜರಾಬಾದ್ ಕೋಟೆ ಕಟ್ಟಿಸಿದ ಟಿಪ್ಪು 1780ರಲ್ಲಿ ಮಾಡಿದ್ದೂ ಹೆಚ್ಚುಕಮ್ಮಿ ಇದೇ. ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೈಲಿಯ ತುಕಡಿ ಕಾಂಚೀಪುರದಲ್ಲಿದ್ದ ಕಂಪನಿಯದೇ ಸೇನಾಧಿಕಾರಿ ಮನ್ರೋ ಸೈನ್ಯವನ್ನು ಸೇರಲು ಹೊರಟಿತ್ತು, ಟಿಪ್ಪುವಿನ ಪಡೆ ದಾರಿಯಲ್ಲೇ ಕಾಡಿಸಿ ತಡೆಯಿತು, ಅಷ್ಟರಲ್ಲಿ ಹೈದರಾಲಿಯ ದೊಡ್ಡ ಸೈನ್ಯ ಬಂದು ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಸುತ್ತುವರಿಯಿತು. ಇದನ್ನು ಓದಿದ ಮೇಲೆ ನಾನು ಆಡೋ ರೀತಿಯೇ ಬದಲಾಯಿತು.

ಮುಂದಿನ ಆಟದಲ್ಲಿ, ಶುರುವಿಗೆ ಸ್ಕೌಟ್ ಕುರಿ ಹುಡುಕುತ್ತಾ ಸುತ್ತುತ್ತದಲ್ಲ, ಆಗಲೇ ಗುಡ್ಡ ಎಲ್ಲಿದೆ, ಕಾಡಿನ ನಡುವೆ ಸಂದಿ ಎಲ್ಲಿದೆ ಅಂತ ನೋಡಿಟ್ಟುಕೊಳ್ಳಿ.