ಓದುಗರ ಪ್ರಶ್ನೆ: ಉರಿಯುವ ಬಲ್ಬಿಗೊಂದು ರೋಧ, ಆರಿದ ಬಲ್ಬಿಗೊಂದು

ಪ್ರಶ್ನೆ: 12 ವೋಲ್ಟ್ ಬ್ಯಾಟರಿಗೆ ಫಿಲಮೆಂಟ್ ಬಲ್ಬು ಜೋಡಿಸಿ ಅಳೆದೆ. ಉರಿಯುವಾಗ 12 ವೋಲ್ಟ್, 1.75 ಆಂಪಿಯರ್. ಭಾಗಿಸಿದರೆ ರೋಧ 6.86 ಓಮ್. ಬಲ್ಬು ಬಿಚ್ಚಿ ಮಲ್ಟಿಮೀಟರಿನಲ್ಲಿ ಓಮ್ ನೋಡಿದರೆ ಬರೀ 0.9! ಮೀಟರ್ ಕೆಟ್ಟಿದೆಯೇ?

ಉತ್ತರ: ಮೀಟರೂ ಸರಿಯಿದೆ, ಲೆಕ್ಕವೂ ಸರಿಯಿದೆ. ನೀವು ಅಳೆದದ್ದು ಒಂದೇ ಬಲ್ಬಿನ ಎರಡು ಸ್ಥಿತಿಗಳನ್ನು. ಟಂಗ್‌ಸ್ಟನ್ ತಂತಿ ಬೆಳಗುವಾಗ 2000 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಲೋಹ ಕಾದಷ್ಟೂ ರೋಧ ಏರುತ್ತದೆ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿ ಬಂದ 6.86 ಓಮ್ ಉರಿಯುವ ಬಲ್ಬಿನದು. ವ್ಯಾಟ್ ಬೇಕಿದ್ದರೆ ಅವೆರಡನ್ನೂ ಗುಣಿಸಿ: 12 × 1.75 = 21.

ಇನ್ನು ಆ 0.9. ಮೀಟರಿನ ಎರಡೂ ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ನೋಡಿ, 0.3ರ ಆಸುಪಾಸು ತೋರಿಸಬಹುದು. ಅದು ವೈರಿನದೇ ರೋಧ, ಕಳೆಯಬೇಕು. ಉಳಿದ 0.6 ಓಮ್ ತಣ್ಣಗಿನ ತಂತಿಯದು. ಸ್ವಿಚ್ ಹಾಕಿದ ಕ್ಷಣ ಕರೆಂಟ್ ಹಲವು ಪಟ್ಟು ಹೆಚ್ಚು ನುಗ್ಗುವುದು ಇದಕ್ಕೇ. ಹಳೆಯ ಬಲ್ಬು ಹಾಕಿದ ಕೂಡಲೇ ‘ಟಪ್’ ಎನ್ನುವುದೂ ಇದಕ್ಕೇ.

ಅಳೆಯುವಾಗ ವೋಲ್ಟನ್ನು ಬ್ಯಾಟರಿಯ ಬಳಿಯಲ್ಲ, ಬಲ್ಬಿನ ತುದಿಗಳಲ್ಲೇ ನೋಡಿ. ಉದ್ದನೆಯ ಸಣ್ಣ ವೈರು ಒಂದಿಷ್ಟು ವೋಲ್ಟನ್ನು ತಾನೇ ನುಂಗುತ್ತದೆ. ಆಂಪಿಯರ್ ಅಳೆದಾದ ಮೇಲೆ ಕೆಂಪು ಕಡ್ಡಿಯನ್ನು 10 ಆಂಪಿಯರ್ ತೂತಿನಿಂದ ಮೊದಲು ಕಿತ್ತು ವೋಲ್ಟ್ ತೂತಿಗೆ ಹಾಕಿ. ಮರೆತು ಬ್ಯಾಟರಿಗೆ ಹಿಡಿದಿರೋ, ನೇರ ಶಾರ್ಟ್. ಮೀಟರುಗಳ ಫ್ಯೂಸ್ ಹೆಚ್ಚಾಗಿ ಹೋಗುವುದು ಈ ಮರೆವಿನಿಂದಲೇ.

ಪ್ರಶ್ನೆ: 100 ಓಮ್‌ನ ಕಾಲು ವ್ಯಾಟ್ ರೆಸಿಸ್ಟರನ್ನು 12 ವೋಲ್ಟಿಗೆ ನೇರ ಹಾಕಿದೆ. ಕರೆಂಟ್ 120 ಮಿಲಿಆಂಪಿಯರ್ ಅಷ್ಟೆ. ಆದರೂ ಹೊಗೆ ಎದ್ದು ಕಪ್ಪಾಯಿತು. ಏಕೆ?

ಉತ್ತರ: ಮಿಲಿಆಂಪಿಯರನ್ನು ಆಂಪಿಯರಿಗೆ ಇಳಿಸಿ: 0.12. ಅದನ್ನು 12ರಿಂದ ಗುಣಿಸಿದರೆ 1.44 ವ್ಯಾಟ್. ಕಾಲು ವ್ಯಾಟ್ ತಾಳುವ ವಸ್ತುವಿಗೆ ಸುಮಾರು ಆರು ಪಟ್ಟು ಹೊರೆ, ಹೊಗೆ ಬಾರದೆ ಇನ್ನೇನು? ಕರೆಂಟ್ ಅಳೆಯದೆಯೂ ಇದು ಮೊದಲೇ ಗೊತ್ತಾಗುತ್ತದೆ: ವೋಲ್ಟಿನ ವರ್ಗವನ್ನು ಓಮ್‌ನಿಂದ ಭಾಗಿಸಿ, 144 ÷ 100. ಇದೇ ರೆಸಿಸ್ಟರಿಗೆ 5 ವೋಲ್ಟೇ ಗಡಿ, ಏಕೆಂದರೆ 25 ÷ 100 = 0.25.

3 ವ್ಯಾಟಿನದನ್ನು ಹಾಕಿ. 2 ವ್ಯಾಟಿನದೂ ಸುಡುವುದಿಲ್ಲ, ಆದರೆ ಮುಟ್ಟಲಾಗದಷ್ಟು ಕಾಯುತ್ತದೆ. ಮುಚ್ಚಿದ ಡಬ್ಬಿಯೊಳಗಂತೂ ಬೇಡ. ಬೋರ್ಡಿಗೆ ಅಂಟಿಸದೆ ಕಾಲುಗಳ ಮೇಲೆ ತುಸು ಎತ್ತರಿಸಿ ಬೆಸೆಯಿರಿ.

ಪ್ರಶ್ನೆ: ಫ್ಯಾನ್ 230 ವೋಲ್ಟಿನಲ್ಲಿ 0.4 ಆಂಪಿಯರ್ ಎಳೆಯುತ್ತದೆ. ಗುಣಿಸಿದರೆ 92. ವ್ಯಾಟ್‌ಮೀಟರ್ ಮಾತ್ರ 70 ಎನ್ನುತ್ತದೆ.

ಉತ್ತರ: ವ್ಯಾಟ್‌ಮೀಟರನ್ನೇ ನಂಬಿ. ಎಸಿಯಲ್ಲಿ ಮೋಟಾರಿನ ಕರೆಂಟ್ ವೋಲ್ಟೇಜಿನ ಜೊತೆಜೊತೆಗೆ ಏರಿಳಿಯುವುದಿಲ್ಲ, ಹಾಗಾಗಿ ಗುಣಿಸಿ ಬಂದ 92 ಕೇವಲ ವೋಲ್ಟ್-ಆಂಪಿಯರ್, ನಿಜವಾಗಿ ಖರ್ಚಾಗುವ ವ್ಯಾಟ್ ಅಲ್ಲ. 70ನ್ನು 92ರಿಂದ ಭಾಗಿಸಿದರೆ ಪವರ್ ಫ್ಯಾಕ್ಟರ್, ಅಂದರೆ ವೋಲ್ಟ್-ಆಂಪಿಯರಿನಲ್ಲಿ ನಿಜವಾದ ವ್ಯಾಟಿನ ಪಾಲು, 0.76. ಹಾಗೆಯೇ 230ನ್ನು 0.4ರಿಂದ ಭಾಗಿಸಿ ಬರುವ 575 ಓಮ್ ಸುರುಳಿಯ ತಂತಿಯ ರೋಧವಲ್ಲ, ಇಂಪಿಡೆನ್ಸ್, ಅಂದರೆ ಎಸಿ ಕರೆಂಟಿಗೆ ಮೋಟಾರು ಒಡ್ಡುವ ಒಟ್ಟು ತಡೆ. ಪ್ಲಗ್ ಕಿತ್ತು ಅಳೆದರೆ ಬೇರೆಯೇ ಅಂಕಿ ಸಿಗುತ್ತದೆ.