ಓದುಗರ ಪ್ರಶ್ನೆ: ಫ್ಲೂ ಹೊರೆಯ ಲೆಕ್ಕ ಹಾಕುವುದು ಹೇಗೆ?

ಪ್ರಶ್ನೆ: ಮಳೆ ಶುರುವಾದರೆ ನಮ್ಮ ಬೀದಿಯಲ್ಲಿ ಮನೆಗೊಬ್ಬರು ಜ್ವರ, ಕೆಮ್ಮು ಅಂತ ಮಲಗುತ್ತಾರೆ. ಪತ್ರಿಕೆಯಲ್ಲಿ ನೋಡಿದರೆ ಇಡೀ ನಗರಕ್ಕೆ ಕೆಲವೇ ಎಚ್‌1ಎನ್‌1 (ಒಂದು ಬಗೆಯ ಫ್ಲೂ) ಪ್ರಕರಣ ಎಂದಿರುತ್ತದೆ. ಯಾವುದನ್ನು ನಂಬಬೇಕು?
(ಓದುಗರು, ಬಸವನಗುಡಿ)

ಉತ್ತರ: ಪತ್ರಿಕೆಯ ಸಂಖ್ಯೆ ಸುಳ್ಳಲ್ಲ, ಆದರೆ ಅದು ಲ್ಯಾಬ್‌ನಲ್ಲಿ ಖಚಿತವಾದವರ ಸಂಖ್ಯೆ ಮಾತ್ರ. ಬಹುಪಾಲು ಜನ ಮೆಡಿಕಲ್ ಶಾಪ್‌ನಿಂದ ಡೋಲೋ ತಂದು ನುಂಗಿ, ಮನೆಯಲ್ಲೇ ಮಲಗಿ ಗುಣವಾಗುತ್ತಾರೆ. ಕೇಂದ್ರ ಆರೋಗ್ಯ ಸಚಿವಾಲಯದ ಎಚ್‌1ಎನ್‌1 ಮಾರ್ಗಸೂಚಿಯೇ ರೋಗಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಆಸ್ಪತ್ರೆಗೆ ಸೇರಿಸಬೇಕಾದ ಸಿ ಗುಂಪಿಗೆ ಮಾತ್ರ ಪರೀಕ್ಷೆ ಸೂಚಿಸುತ್ತದೆ. ಅಂದಮೇಲೆ ಎ, ಬಿ ಗುಂಪಿನವರು ಎಣಿಕೆಗೆ ಸಿಗುವುದಾದರೂ ಎಲ್ಲಿ? ಹಾಗಂತ ನಿಮ್ಮ ಬೀದಿಯ ಜ್ವರವೆಲ್ಲ ಫ್ಲೂ ಅಲ್ಲ. ಆರ್‌ಎಸ್‌ವಿ, ರೈನೋವೈರಸ್ ಎಂಬ ನೆಗಡಿ-ಕೆಮ್ಮಿನ ವೈರಸ್‌ಗಳು, ಡೆಂಗಿ ಕೂಡ ಅದೇ ತಿಂಗಳುಗಳಲ್ಲಿ ಓಡಾಡುತ್ತವೆ.

ಪ್ರಶ್ನೆ: ಸಮುದಾಯ ವೈದ್ಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ ನಾನು. ನಮ್ಮ ಆಸ್ಪತ್ರೆಯಲ್ಲಿ ಒಂದು ವರ್ಷದ ‘ಸಾರಿ’ (SARI, ಉಸಿರಾಟದ ತೀವ್ರ ಸೋಂಕು) ದಾಖಲಾತಿಗಳ ವಿವರ ಇದೆ. ಲಕ್ಷ ಜನರಿಗೆ ಎಷ್ಟು ಫ್ಲೂ ಎಂದು ಅದರಿಂದ ಹೇಳಬಹುದೇ?
(ಓದುಗರು, ಚಾಮರಾಜಪೇಟೆ)

ಉತ್ತರ: ಹೇಳಬಹುದು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಇದಕ್ಕೆಂದೇ ಕೈಪಿಡಿ ಹೊರತಂದಿದೆ. ಮೊದಲು ಪ್ರತಿ ದಾಖಲಾತಿಯೂ ಸಾರಿ ವ್ಯಾಖ್ಯೆಗೆ ಹೊಂದುತ್ತದೆಯೇ ನೋಡಿ: 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿನ ಜ್ವರ, ಇಲ್ಲವೇ ಜ್ವರ ಬಂದಿತ್ತೆಂಬ ಹೇಳಿಕೆ, ಜೊತೆಗೆ ಕೆಮ್ಮು, ಕಾಯಿಲೆ ಶುರುವಾಗಿ 10 ದಿನದೊಳಗೆ, ಆಸ್ಪತ್ರೆಗೆ ಸೇರಿಸಲೇಬೇಕಾದ ಸ್ಥಿತಿ. ವಯಸ್ಸಾದವರಿಗೆ ಎಷ್ಟೋ ಸಲ ಜ್ವರವೇ ಬರುವುದಿಲ್ಲ. ಆ ವಯೋಮಾನದಲ್ಲಿ ಲೆಕ್ಕ ಕಡಿಮೆಯಾಗುತ್ತದೆ ಎಂದು ವರದಿಯಲ್ಲಿ ಬರೆಯಿರಿ.

ಆಮೇಲೆ ಪಾಸಿಟಿವ್ ಪ್ರಮಾಣ, ಅಂದರೆ ಪರೀಕ್ಷಿಸಿದ ಸ್ವಾಬ್‌ಗಳಲ್ಲಿ (ಮೂಗು-ಗಂಟಲಿನಿಂದ ತೆಗೆದ ಮಾದರಿ) ಶೇಕಡಾ ಎಷ್ಟರಲ್ಲಿ ಫ್ಲೂ ಸಿಕ್ಕಿತು ಎಂಬುದು. ಇಲ್ಲಿ ಎಲ್ಲರೂ ಎಡವುವುದು ವರ್ಷವನ್ನೆಲ್ಲ ಒಟ್ಟು ಸೇರಿಸಿ ಗುಣಿಸುವುದರಲ್ಲಿ. ಊಹೆಯ ಸಂಖ್ಯೆಯಲ್ಲೇ ನೋಡೋಣ. ಜುಲೈನಲ್ಲಿ 160 ದಾಖಲಾತಿ, 40 ಸ್ವಾಬ್, 12 ಪಾಸಿಟಿವ್: ಶೇ 30, ಅಂದರೆ 48 ಫ್ಲೂ. ಏಪ್ರಿಲ್‌ನಲ್ಲಿ 60 ದಾಖಲಾತಿ, 40 ಸ್ವಾಬ್, 2 ಪಾಸಿಟಿವ್: ಶೇ 5, ಅಂದರೆ 3. ಒಟ್ಟು 51. ಎರಡೂ ತಿಂಗಳನ್ನು ಕಲಸಿದರೆ 80ಕ್ಕೆ 14, ಶೇ 17.5, ಅದನ್ನು 220ಕ್ಕೆ ಹಚ್ಚಿದರೆ 38 ಚಿಲ್ಲರೆ. ದಾಖಲಾತಿ ಏರಿದ ತಿಂಗಳಲ್ಲಿ ಸ್ವಾಬ್ ಅದೇ ಪ್ರಮಾಣದಲ್ಲಿ ಏರದೆ ಹೋದದ್ದರಿಂದ ಕಾಲು ಭಾಗದಷ್ಟು ಫ್ಲೂ ಕಾಗದದ ಮೇಲೆ ಮಾಯವಾಯಿತು. ತಿಂಗಳುವಾರು, ವಯೋಮಾನವಾರು ಬೇರೆಬೇರೆಯಾಗಿ ಗುಣಿಸಿ ಕೊನೆಗೆ ಕೂಡಿಸಿ. ಸ್ವಾಬ್ ಯಾವ ದಿನದ್ದು ಎಂಬುದೂ ಮುಖ್ಯ: ಕಾಯಿಲೆ ಶುರುವಾದ 3-4 ದಿನದೊಳಗಿನದು ಒಳ್ಳೆಯದು. ಸ್ವಾಬ್ ಹಾಕಿಟ್ಟ ವಿಟಿಎಂ (ವೈರಸ್ ಕೆಡದಂತೆ ಕಾಪಾಡುವ ದ್ರವ) ಟ್ಯೂಬನ್ನು 2ರಿಂದ 8 ಡಿಗ್ರಿಯಲ್ಲಿಟ್ಟು 72 ಗಂಟೆಯೊಳಗೆ ಲ್ಯಾಬ್ ಮುಟ್ಟಿಸಬೇಕು. ರ್‍ಯಾಪಿಡ್ ಟೆಸ್ಟ್ ಬೇಡ, ಆರ್‌ಟಿ-ಪಿಸಿಆರ್ ಫಲಿತಾಂಶವನ್ನೇ ಬಳಸಿ.

ನಿಜವಾದ ಕಷ್ಟ ಛೇದದ್ದು, ಅಂದರೆ ಯಾವ ಜನಸಂಖ್ಯೆಯಿಂದ ಭಾಗಿಸಬೇಕು ಎಂಬುದು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕೋಲಾರ, ತುಮಕೂರು, ಹೊಸೂರಿನಿಂದಲೂ ಜನ ಬರುತ್ತಾರೆ. ಅವರನ್ನು ಅಂಶದಲ್ಲಿಟ್ಟು ನಗರದ ಜನಸಂಖ್ಯೆಯಿಂದ ಭಾಗಿಸಿದರೆ ಉತ್ತರಕ್ಕೆ ಅರ್ಥವೇ ಇಲ್ಲ. ನಗರದ ಕೆಲವು ವಾರ್ಡ್‌ಗಳನ್ನು ಆರಿಸಿಕೊಂಡು ಅಲ್ಲಿನ ನಿವಾಸಿಗಳನ್ನು ಮಾತ್ರ ಉಳಿಸಿಕೊಳ್ಳಿ. ದಾಖಲಾತಿ ಪುಸ್ತಕದ ವಿಳಾಸವನ್ನೇ ನಂಬಬೇಡಿ. ಊರಿಂದ ಬಂದವರು ಇಲ್ಲಿನ ನೆಂಟರ ಮನೆಯ ವಿಳಾಸ ಬರೆಸಿರುವುದುಂಟು. “ಕಳೆದ ಆರು ತಿಂಗಳು ಎಲ್ಲಿದ್ರಿ?” ಎಂದು ಕೇಳಿ ಗುರುತು ಹಾಕಿಕೊಳ್ಳಿ. ಆ ವಾರ್ಡ್‌ಗಳ ನ್ಯುಮೋನಿಯಾ ರೋಗಿಗಳು ಸುತ್ತಲಿನ ನರ್ಸಿಂಗ್ ಹೋಂಗಳಿಗೂ ಹೋಗುತ್ತಾರೆ. ಅಲ್ಲಿನ ದಾಖಲೆ ತಿರುವಿ ಹಾಕಿ, ಒಟ್ಟರಲ್ಲಿ ನಿಮ್ಮ ಪಾಲೆಷ್ಟು ಎಂದು ಕಂಡುಕೊಳ್ಳಿ. ವರ್ಷಕ್ಕೆ 120 ಫ್ಲೂ ದಾಖಲಾತಿ, ನಿಮ್ಮ ಪಾಲು ಶೇ 40, ವಾರ್ಡ್‌ಗಳ ಜನಸಂಖ್ಯೆ 3 ಲಕ್ಷ ಎಂದಿಟ್ಟುಕೊಂಡರೆ 120ನ್ನು 0.4ರಿಂದ ಭಾಗಿಸಿ 300, ಲಕ್ಷಕ್ಕೆ 100. ಜನಸಂಖ್ಯೆಗೆ 2011ರ ಜನಗಣತಿಯಂದಿನ 198 ವಾರ್ಡ್‌ಗಳ ಅಂಕಿಯೇ ಆಧಾರವಾದರೆ, ಆಮೇಲೆ ಗಡಿಗಳು ಬದಲಾಗಿವೆ ಎಂಬುದನ್ನು ಮರೆಯಬೇಡಿ.

ಉತ್ತರವನ್ನು ಒಂದೇ ಸಂಖ್ಯೆಯಾಗಿ ಕೊಡಬೇಡಿ. 120 ಎಂಬ ಎಣಿಕೆಗೇ ಹೆಚ್ಚುಕಡಿಮೆ 21ರಷ್ಟು ಏರುಪೇರು ಇರುತ್ತದೆ. ಸ್ವಾಬ್ ಮತ್ತು ಪಾಲಿನ ಅಂದಾಜು ಅದನ್ನು ಇನ್ನೂ ಹಿಗ್ಗಿಸುತ್ತವೆ.

ಪ್ರಶ್ನೆ: ಮರಣ ಪ್ರಮಾಣಪತ್ರದಲ್ಲಿ ‘ಇನ್‌ಫ್ಲುಯೆಂಜಾ’ ಎಂದು ಬರೆದದ್ದನ್ನು ನಾನಂತೂ ಕಂಡಿಲ್ಲ. ಹಾಗಾದರೆ ಸಾವಿನ ಅಂಕಿ ಎಲ್ಲಿಂದ ಬರುತ್ತದೆ?
(ಓದುಗರು, ಯಲಹಂಕ)

ಉತ್ತರ: ಫ್ಲೂ ಬಂದು ಎರಡು ವಾರದ ಮೇಲೆ ನ್ಯುಮೋನಿಯಾದಿಂದಲೋ ಹೃದಯಾಘಾತದಿಂದಲೋ ತೀರಿಕೊಂಡವರ ಪತ್ರದಲ್ಲಿ ಆ ಕೊನೆಯ ಕಾರಣ ಇರುತ್ತದೆ. ಅಷ್ಟು ಹೊತ್ತಿಗೆ ವೈರಸ್ ಸ್ವಾಬ್‌ಗೂ ಸಿಗದು. ಹಾಗಾಗಿ ಫ್ಲೂ ಇಲ್ಲದ ವಾರಗಳ ಸಾವಿನಿಂದ ಮಾಮೂಲಿ ಮಟ್ಟ ಕಟ್ಟಿ, ಫ್ಲೂ ವಾರಗಳಲ್ಲಿ ಅದಕ್ಕಿಂತ ಮೇಲೆ ಬಂದದ್ದನ್ನು ‘ಹೆಚ್ಚುವರಿ ಸಾವು’ ಎಂದು ಎಣಿಸುತ್ತಾರೆ. ಲಂಡನ್‌ನಲ್ಲಿ ಅಂಕಿಅಂಶ ತಜ್ಞ ವಿಲಿಯಂ ಫಾರ್ 1847ರ ಫ್ಲೂ ಹಾವಳಿಗೆ ಹೀಗೇ ಲೆಕ್ಕ ಹಾಕಿದ್ದರು. ಜಗತ್ತಿನಲ್ಲಿ ವರ್ಷಕ್ಕೆ 2.9 ಲಕ್ಷದಿಂದ 6.5 ಲಕ್ಷ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಉಸಿರಾಟದ ತೊಂದರೆಯಿಂದಾದ ಸಾವುಗಳದ್ದು ಮಾತ್ರ. ಹೃದಯಾಘಾತಗಳು ಅದರಲ್ಲಿ ಸೇರಿಲ್ಲ. ನಮ್ಮಲ್ಲಿ ನೋಂದಾಯಿತ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸುವುದು ಸುಮಾರು ಐದರಲ್ಲಿ ಒಂದಕ್ಕೆ. ಆದ್ದರಿಂದ ಬೆಂಗಳೂರಿಗೆ ಕಾರಣವಾರು ಲೆಕ್ಕಕ್ಕಿಂತ ಎಲ್ಲ ಕಾರಣಗಳ ವಾರವಾರು ಸಾವು ಹೆಚ್ಚು ಭರವಸೆಯದು. ನೋಂದಣಿಯ ದಿನವಲ್ಲ, ಸತ್ತ ದಿನವನ್ನೇ ಹಿಡಿಯಬೇಕು. ಮಳೆಗಾಲದಲ್ಲಿ ಡೆಂಗಿಯೂ ಏರುವುದರಿಂದ ಅದನ್ನೂ ಲೆಕ್ಕದ ಮಾದರಿಯಲ್ಲಿ ಸೇರಿಸದಿದ್ದರೆ ಅದರ ಸಾವುಗಳೂ ಫ್ಲೂ ತಲೆಗೇ ಬರುತ್ತವೆ.

ಪ್ರಶ್ನೆ: ಅಮ್ಮನಿಗೆ 70 ವರ್ಷ, ಸಕ್ಕರೆ ಕಾಯಿಲೆ ಇದೆ. ಫ್ಲೂ ಲಸಿಕೆ ಚಳಿಗಾಲಕ್ಕೆ ಮುಂಚೆಯೇ ಹಾಕಿಸಬೇಕೇ?
(ಓದುಗರು, ವಿಜಯನಗರ)

ಉತ್ತರ: ಇಲ್ಲಿ ಫ್ಲೂ ಹೆಚ್ಚುವುದು ಮುಖ್ಯವಾಗಿ ಮಳೆಗಾಲದಲ್ಲಿ, ಜನವರಿಯಿಂದ ಮಾರ್ಚ್ ನಡುವೆ ಇನ್ನೊಂದು ಏರಿಕೆ ಕಾಣುವುದುಂಟು. ಲಸಿಕೆ ಕೆಲಸ ಶುರು ಮಾಡಲು ಎರಡು ವಾರ ಬೇಕು. ಅವರ ವೈದ್ಯರನ್ನು ಕೇಳಿ ಏಪ್ರಿಲ್-ಮೇನಲ್ಲೇ, ಆ ವರ್ಷದ ಹೊಸ ಲಸಿಕೆಯನ್ನೇ ಹಾಕಿಸಿ.